ಕಾರಣ ಸಿಗದ ಹಲ್ಲುನೋವಿಗೆ ಔಷಧ ತೆಗೆದುಕೊಳ್ಳುವ ಕ್ರಮ

ಹಲ್ಲು, ಒಸಡು, ಎಕ್ಸ್‌ರೇ ಎಲ್ಲವೂ ಸರಿಯಿದ್ದು, 3 ತಿಂಗಳು ಕಳೆದರೂ ಒಂದೇ ಜಾಗದಲ್ಲಿ ನೋವು ಉಳಿದಿದ್ದರೆ, ಅದು ನರಕ್ಕೆ ಸಂಬಂಧಿಸಿದ ನೋವಾಗಿರಬಹುದು. ತಜ್ಞರು ಇದನ್ನು ಖಚಿತಪಡಿಸುವವರೆಗೆ ದಯವಿಟ್ಟು ಹಲ್ಲು ಕೀಳಿಸಬೇಡಿ. ಕಿತ್ತ ಮೇಲೂ ಆ ಖಾಲಿ ಜಾಗದಲ್ಲೇ ನೋವು ಮುಂದುವರಿಯುವುದುಂಟು.

ಸಾಮಾನ್ಯ ನೋವಿನ ಮಾತ್ರೆಗಳು ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ವೈದ್ಯರು ಹೆಚ್ಚಾಗಿ ಮೊದಲು ಬರೆಯುವುದು ಅಮಿಟ್ರಿಪ್ಟಿಲಿನ್. ಇದು ಖಿನ್ನತೆಗೆಂದು ಬಂದ ಔಷಧವಾದರೂ, ನರಗಳು ಸಾಗಿಸುವ ನೋವಿನ ಸಂಕೇತವನ್ನು ತಗ್ಗಿಸಲು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಹಾಗೆ ಕೊಟ್ಟರೆಂದು ನಿಮ್ಮ ನೋವು ಕೇವಲ ಭ್ರಮೆ ಎಂದರ್ಥವಲ್ಲ. ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಏರಿಸಬೇಕು. ಬೆಳಿಗ್ಗೆ ಮಂಪರು ಉಳಿದರೆ, ಮಲಗುವ ಹೊತ್ತಿಗೆ ಬದಲು ಒಂದೆರಡು ಗಂಟೆ ಮೊದಲೇ ನುಂಗಬಹುದೇ ಎಂದು ಕೇಳಿ. ಪರಿಣಾಮ ಕಾಣಲು ಕೆಲವು ವಾರಗಳೇ ಬೇಕಾದ್ದರಿಂದ, ಪ್ರತಿ ರಾತ್ರಿ ನೋವಿಗೆ 0ಯಿಂದ 10ರೊಳಗೆ ಒಂದು ಅಂಕ ಬರೆದಿಡಿ. ದಿನದಿಂದ ದಿನಕ್ಕೆ ಗೊತ್ತಾಗದ ಇಳಿಕೆ ಆ ಪುಟದಲ್ಲಿ ಕಾಣುತ್ತದೆ.

ಈ ಔಷಧದಿಂದ ನಡುರಾತ್ರಿ ನಾಲಿಗೆ ಅಂಗುಳಕ್ಕೆ ಅಂಟುವಷ್ಟು ಬಾಯಿ ಒಣಗಬಹುದು. ಎಂಜಲು ಕಡಿಮೆಯಾದರೆ ಹಲ್ಲು ಹುಳುಕಾಗುವುದರಿಂದ ನೀರು ಗುಟುಕರಿಸಿ, ಫ್ಲೋರೈಡ್ ಪೇಸ್ಟ್ ಬಳಸಿ. ಹೃದಯದ ಕಾಯಿಲೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಮೂತ್ರ ಕಟ್ಟುವ ತೊಂದರೆ, ಗರ್ಭಧಾರಣೆ, ಬೇರೆ ಔಷಧಗಳು ಇದ್ದರೆ ಮೊದಲೇ ತಿಳಿಸಿ.

ಅಮಿಟ್ರಿಪ್ಟಿಲಿನ್ ಒಗ್ಗದಿದ್ದರೆ ನರನೋವಿಗೆ ಕೊಡುವ ಬೇರೆ ಔಷಧಗಳಾದ ಗ್ಯಾಬಪೆಂಟಿನ್, ಪ್ರೆಗಾಬಲಿನ್ ಅಥವಾ ಡ್ಯುಲೋಕ್ಸೆಟಿನ್ ಪ್ರಯತ್ನಿಸುತ್ತಾರೆ. ನೋವು ಒಸಡಿನ ಒಂದೇ ಬಿಂದುವಿನಲ್ಲಿದ್ದರೆ ಆ ಜಾಗವನ್ನು ಮರಗಟ್ಟಿಸುವ ಲಿಡೋಕೇನ್ ಜೆಲ್ ಹಚ್ಚುವುದೂ ಉಂಟು. ನುಂಗುವ ಈ ಔಷಧಗಳಲ್ಲಿ ಯಾವುದನ್ನೂ ಥಟ್ಟನೆ ನಿಲ್ಲಿಸದೆ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಿ.