ದೊಡ್ಡಜ್ಜನ ಪೆಟ್ಟಿಗೆಯ ಪೈಪುಗಳಿಗೆ ಬೆಲೆ ಕಟ್ಟಿದ್ದು

ತಂಬಾಕು ಸೇದುವ ಹಳೆ ಪೈಪು ಸಿಕ್ಕಿದ ಕೂಡಲೇ ತೊಳೆಯಲಿಕ್ಕೆ ಹೋಗಬೇಡಿ. ಅದರ ಬೆಲೆಯ ಮುಕ್ಕಾಲು ಪಾಲು ಇರುವುದು ಮೈಮೇಲೆ ಒತ್ತಿದ ಸಣ್ಣ ಅಕ್ಷರಗಳಲ್ಲಿ. ಉಜ್ಜಿದರೆ ಅವು ಅಳಿಸಿ ಹೋಗುತ್ತವೆ.

ಬದಿಯಡ್ಕದ ಹತ್ತಿರದ ನಮ್ಮ ಹಳೆ ಮನೆಯ ಅಟ್ಟ ಬಿಚ್ಚಿಸುವಾಗ ಒಂದು ಪೆಟ್ಟಿಗೆಯಲ್ಲಿ ಪೈಪುಗಳು ಸಿಕ್ಕಿದವು. ದೊಡ್ಡಜ್ಜ ಕೊಡಗಿನಲ್ಲಿ ಬಿಳಿ ದೊರೆಯೊಬ್ಬನ ಕಾಫಿ ತೋಟದಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿದ್ದವರು. ದೊರೆ ತೋಟ ಮಾರಿ ತನ್ನ ಊರಿಗೆ ಹೊರಟಾಗ ಇವನ್ನೆಲ್ಲ ಅವರ ಕೈಯಲ್ಲಿಟ್ಟು ಹೋದನಂತೆ. ಅತ್ತೆ ಆಗಲೇ ಹುಣಿಸೆಹುಳಿ ಹಿಡಿದು ಬಂದಿದ್ದರು. "ಅತ್ತೆ, ಸ್ವಲ್ಪ ದಿನ ಹಾಗೇ ಇರಲಿ" ಎಂದು ತೆಗೆದಿಟ್ಟೆ.

ನಾನು ಮೊದಲು ನೋಡಿದ್ದು ಯಾವುದರಿಂದ ಮಾಡಿದ್ದು ಎಂಬುದನ್ನು. ಹೆಚ್ಚಿನವು ಬ್ರಯರ್. ಮೆಡಿಟರೇನಿಯನ್ ತೀರದ ಎರಿಕಾ ಆರ್ಬೋರಿಯಾ ಎಂಬ ಗಿಡದ ಬುಡದ ಗಂಟು ಅದು, ಬೇಗ ಸುಡುವುದಿಲ್ಲ. 19ನೇ ಶತಮಾನದ ಮಧ್ಯದಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಊರು ಈ ಕಸುಬಿಗೆ ಹೆಸರಾಯಿತು. ಒಳ್ಳೆಯ ಗಂಟಿನಲ್ಲಿ ಎಳೆಗಳು ಒಂದೇ ದಿಕ್ಕಿಗೆ ಹರಿಯುತ್ತವೆ. ಅಲ್ಲಲ್ಲಿ ಬಣ್ಣ ಬೇರೆಯಾದ ಚುಕ್ಕಿಗಳಿದ್ದರೆ ಮರದ ತೂತುಗಳಿಗೆ ಪುಟ್ಟಿ ತುಂಬಿದ್ದಾರೆಂದು ತಿಳಿಯಬೇಕು. ಅಂಥದ್ದು ಕೆಳದರ್ಜೆಯ ಮಾಲು. ಬಾಯಿಗೆ ಇಡುವ ಕಪ್ಪು ತುಂಡು ಸಾಮಾನ್ಯವಾಗಿ ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಅದು ಬೆಳಕಿಗೆ ಹಸಿರು-ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹೋಯಿತೆಂದು ಗಾಬರಿ ಬೇಡ, ಪಾಲಿಶ್ ಮಾಡಿದರೆ ಮರಳಿ ಕಪ್ಪಾಗುತ್ತದೆ.

ಅಕ್ಷರ ಓದಲು ಬೆಳಗಿನ ಓರೆ ಬಿಸಿಲೇ ಬೇಕು. ಜಗಲಿಯಲ್ಲಿ ಕೂತು, ಒಣ ಬಟ್ಟೆಯಿಂದ ಬೂಷ್ಟು ಮಾತ್ರ ಒರೆಸಿ, ಪೈಪನ್ನು ನಿಧಾನವಾಗಿ ತಿರುಗಿಸುತ್ತ ಮೊಬೈಲಿನಲ್ಲಿ ಫೋಟೋ ತೆಗೆದೆ. ಎರಡರ ಮೇಲೆ ಡಬ್ಲಿನ್‌ನ ಪೀಟರ್ಸನ್ ಎಂಬ ಪೈಪು ಕಂಪನಿಯ ಹೆಸರಿತ್ತು. ಒಂದರಲ್ಲಿ ಅದರ ಕೆಳಗೆ "ಮೇಡ್ ಇನ್ ಐರಿಷ್ ಫ್ರೀ ಸ್ಟೇಟ್", ಇನ್ನೊಂದರಲ್ಲಿ "ರಿಪಬ್ಲಿಕ್ ಆಫ್ ಐರ್ಲೆಂಡ್".

ಇಲ್ಲಿ ಕಾಸರಗೋಡಿನವರಾದ ನಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಮನೆಗಳ ಜಾಗದ ದಸ್ತಾವೇಜುಗಳನ್ನು ನೋಡಿ: ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ ಎಂದಿದ್ದರೆ 1956ರ ನವೆಂಬರಿಗೆ ಮೊದಲಿನದ್ದು, ಕಣ್ಣೂರು ಜಿಲ್ಲೆ ಎಂದಿದ್ದರೆ ಆ ಮೇಲಿನದ್ದು, ಕಾಸರಗೋಡು ಜಿಲ್ಲೆ ಎಂದಿದ್ದರೆ 1984ರ ನಂತರದ್ದು. ತಾರೀಕು ಹರಿದು ಹೋಗಿದ್ದರೂ ತಲೆಬರಹ ಕಾಲ ಹೇಳುತ್ತದೆ. ಪೀಟರ್ಸನ್ ಪೈಪಿನಲ್ಲೂ ಹೀಗೇ. ಐರಿಷ್ ಫ್ರೀ ಸ್ಟೇಟ್ ಎಂಬ ರಾಜ್ಯ ಇದ್ದದ್ದು 1922ರ ಕೊನೆಯಿಂದ 1937ರ ಕೊನೆಯವರೆಗೆ. ರಿಪಬ್ಲಿಕ್ ಆದದ್ದು 1949ರಲ್ಲಿ. ದೊರೆ 1947ರಲ್ಲೇ ಹೋದ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಎರಡನೇ ಪೈಪು ಅವನದ್ದೇ ಆಗಿದ್ದರೆ, ಸ್ವಾತಂತ್ರ್ಯ ಬಂದ ಮೇಲೂ 1949ರವರೆಗಾದರೂ ಅವನು ಇಲ್ಲಿದ್ದಿರಬೇಕು. ಇದನ್ನು ಹೇಳಿದಾಗ ಅತ್ತೆ ಬಹಳ ಹೊತ್ತು ಆ ಪೈಪನ್ನೇ ತಿರುಗಿಸಿ ನೋಡಿದರು.

ಎರಡಕ್ಕೂ ಬಿಳಿ ಲೋಹದ ಪಟ್ಟಿ ಇತ್ತು. ಎಲ್ಲರೂ ಬೆಳ್ಳಿ ಎಂದರು. ಪೇಟೆಯಲ್ಲಿ ಚಿನ್ನ-ಬೆಳ್ಳಿ ಕೆಲಸದ ಆಚಾರ್ಯರ ಹತ್ತಿರ ಹೋದೆ, ಆದರೆ ಒರೆಗಲ್ಲಿಗೆ ತಿಕ್ಕಲು ಬಿಡಲಿಲ್ಲ. ಭೂತಗನ್ನಡಿಯಲ್ಲಿ ನೋಡಿಕೊಡಿ ಎಂದಷ್ಟೇ ಕೇಳಿದೆ. ಹಳೆಯದರಲ್ಲಿ ಕಿರೀಟ ಹೊತ್ತ ಹಾರ್ಪ್ ವಾದ್ಯ, ಕೂತ ಹೆಂಗಸಿನ ರೂಪ, ಪಕ್ಕದಲ್ಲಿ ಒಂದು ಅಕ್ಷರ ಕಂಡಿತು. ಇದು ಡಬ್ಲಿನ್ನಿನ ನಿಜವಾದ ಬೆಳ್ಳಿ ಮುದ್ರೆ; ಆ ಅಕ್ಷರ ಪರೀಕ್ಷೆಯಾದ ವರ್ಷದ್ದು. ಇನ್ನೊಂದರಲ್ಲಿದ್ದದ್ದು ಮೂರೆಲೆಯ ಸೊಪ್ಪು, ಮಲಗಿದ ನಾಯಿ, ಗೋಪುರ. ನೋಡಲಿಕ್ಕೆ ಮುದ್ರೆಯಂತೆಯೇ ಇದ್ದರೂ ಇದು ನಿಕ್ಕಲ್ ಪಟ್ಟಿಗೆ ಕಂಪನಿ ಹಾಕುತ್ತಿದ್ದ ಗುರುತು. ಮಾರುವವರೂ ಕೊಳ್ಳುವವರೂ ಹೆಚ್ಚು ಮೋಸ ಹೋಗುವುದು ಇಲ್ಲೇ ಎಂದು ನನ್ನ ಅಂದಾಜು.

ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪೈಪು ಮೀರ್‌ಶಾಮ್. ಇದು ಸೆಪಿಯೊಲೈಟ್ ಎಂಬ ಬಿಳಿ ಹಗುರ ಖನಿಜ, ಟರ್ಕಿಯ ಎಸ್ಕಿಶೆಹಿರ್ ಕಡೆಯದ್ದು. ಸೇದಿದಷ್ಟೂ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆ ಬಣ್ಣಕ್ಕೇ ಬೆಲೆ. ನೀರು ತಾಗಿಸಬಾರದು. ಇದರ ಚರ್ಮದ ಡಬ್ಬಿಯನ್ನು ಗೆದ್ದಲು ಅರ್ಧ ತಿಂದಿತ್ತು. ಆದರೂ ಮುಚ್ಚಳದ ಒಳಬಟ್ಟೆಯಲ್ಲಿ ತಯಾರಕರ ಹೆಸರು ಉಳಿದಿತ್ತು. ಇಂಥ ಡಬ್ಬಿ ಹರಿದಿದ್ದರೂ ಎಸೆಯಬೇಡಿ, ಎಷ್ಟೋ ಸಲ ಹೆಸರು ಇರುವುದು ಅದರಲ್ಲಿ ಮಾತ್ರ.

ಬೆಲೆಯ ವಿಷಯ. ಗುಜರಿಯವರು ತೂಕಕ್ಕೆ ಕೇಳಿದರು. ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಒಟ್ಟಿಗೆ ಕೊಡಿ ಎಂದರು. ಒಟ್ಟಿಗೆ ಕೊಡಲೇಬಾರದು, ಒಳ್ಳೆಯ ಒಂದೆರಡು ಸುಮ್ಮನೆ ಹೋಗುತ್ತವೆ. ನಾನು ಆನ್‌ಲೈನ್ ಹರಾಜಿನಲ್ಲಿ ಅದೇ ಹೆಸರು, ಅದೇ ಆಕಾರ, ಅದೇ ಕಾಲದ ಪೈಪು ನಿಜಕ್ಕೂ ಎಷ್ಟಕ್ಕೆ ಮಾರಿಹೋಗಿದೆ ಎಂದು ಹುಡುಕಿ ಬರೆದಿಟ್ಟುಕೊಂಡೆ. ಮಾರುವವರು ಕೇಳುವ ಬೆಲೆಗೆ ಅರ್ಥವಿಲ್ಲ. ನಂತರ ಒಂದೊಂದಾಗಿ ಕಳೆದೆ: ಬಟ್ಟಲಿನ ಬಿರುಕು, ಸುಟ್ಟ ಅಂಚು, ಹಲ್ಲಿನ ಗುರುತು, ಬದಲಿಸಿದ ಬಾಯಿತುಂಡು. ಹೆಸರಿಲ್ಲದ ಬ್ರಯರ್‌ಗಳಿಗೆ ಹೆಚ್ಚೇನೂ ಬರಲಿಲ್ಲ. ಫ್ರೀ ಸ್ಟೇಟ್ ಪೈಪು ಉಳಿದವೆಲ್ಲವನ್ನೂ ಸೇರಿಸಿದ್ದಕ್ಕಿಂತ ಮೇಲೆ ನಿಂತಿತು.

ಕಾನೂನು ನೋಡಿಯೇ ಮಾರಬೇಕು. ದಂತ ಸೇರಿದ್ದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ, ದಂತದ ವ್ಯಾಪಾರವೇ ನಿಷಿದ್ಧ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಮೀರ್‌ಶಾಮ್ ನೂರರ ಆಸುಪಾಸಿನದ್ದೆಂದು ಕಂಡದ್ದರಿಂದ ಹೊರದೇಶದ ಗಿರಾಕಿಗೆ ಇಲ್ಲ ಎಂದು ಬರೆದು, ಅದನ್ನು ಮನೆಯಲ್ಲೇ ಇಟ್ಟುಕೊಂಡೆವು. ಹೆಸರಿಲ್ಲದವನ್ನು ಬೆಂಗಳೂರಿನ ಸಂಗ್ರಾಹಕರೊಬ್ಬರು ತೆಗೆದುಕೊಂಡರು. ಪೀಟರ್ಸನ್ ಎರಡನ್ನೂ ಕೊಡಲು ಅತ್ತೆ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.