ರೋವ್ ದುಂಬಿಯ ಹೊಸ ಪ್ರಭೇದವನ್ನು ವಿವರಿಸುವ ಬಗೆ

ರೋವ್ ದುಂಬಿಗಳ ಕುಟುಂಬವಾದ ಸ್ಟ್ಯಾಫಿಲಿನಿಡೇಯಲ್ಲಿ ಹೆಸರು ಪಡೆದ ಪ್ರಭೇದಗಳೇ 60,000 ದಾಟಿವೆ. ಉಷ್ಣವಲಯದ ಕಾಡಿನ ತರಗೆಲೆಯನ್ನು ಜರಡಿ ಹಿಡಿದರೆ ಹೆಸರಿಲ್ಲದ ರೋವ್ ದುಂಬಿ ಸಿಗುವುದು ಅಂಥ ದೊಡ್ಡ ಸಂಗತಿಯೇನಲ್ಲ. ಅದಕ್ಕೆ ಈ ಮೊದಲು ಯಾರೂ ಹೆಸರಿಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳುವುದರಲ್ಲೇ ಮುಕ್ಕಾಲು ಪಾಲು ಶ್ರಮ ಸವೆಯುತ್ತದೆ. ಮೋಟು ಎಲಿಟ್ರಾ (ಗಟ್ಟಿಯಾದ ಮುಂರೆಕ್ಕೆ), ಅದರ ಹಿಂದೆ ಮುಚ್ಚದೆ ಉಳಿದ ಉದ್ದನೆಯ ಹೊಟ್ಟೆ; ಹೊರನೋಟಕ್ಕೆ ಒಂದು ಕುಲದ ಹತ್ತಾರು ಪ್ರಭೇದಗಳು ಒಂದೇ ಥರ. ಬೇರೆ ಬೇರೆ ಎಂದು ತೋರಿಸಿಕೊಡುವುದು ಬಹುಮಟ್ಟಿಗೆ ಗಂಡಿನ ಜನನಾಂಗ, ಅಂದರೆ ಏಡಿಯಾಗಸ್. ಗಂಡು ಸಿಗದಿದ್ದರೆ ಹೆಚ್ಚಿನ ಕುಲಗಳಲ್ಲಿ ವಿವರಣೆಗೆ ಕೈಹಾಕದಿರುವುದೇ ಲೇಸು.

ಮಾದರಿಯನ್ನು ಕಾಪಿಡುವುದು

ಸಂಗ್ರಹದ ಪರವಾನಗಿ, ಹೊರದೇಶಕ್ಕೆ ಕಳಿಸುವುದಿದ್ದರೆ ಅದರ ಅನುಮತಿ, ಎರಡೂ ಕಾಡಿಗೆ ಕಾಲಿಡುವ ಮೊದಲೇ ಕೈಯಲ್ಲಿರಬೇಕು. ಒಂದು ದೇಶದ ಜೈವಿಕ ಸಂಪನ್ಮೂಲ ಬಳಸಲು ಅನುಮತಿ ಕೇಳುವ ನಗೋಯಾ ಒಪ್ಪಂದ 2014ರಲ್ಲಿ ಜಾರಿಗೆ ಬಂದಿದೆ. ಆಮೇಲೆ ಕಾಗದ ಮಾಡಿಸಿಕೊಳ್ಳೋಣ ಎಂದರೆ ನಡೆಯದು.

ಈಥೈಲ್ ಅಸಿಟೇಟ್‌ನಲ್ಲಿ ಕೊಂದರೆ ಕೀಲುಗಳು ಮೆತ್ತಗಿರುತ್ತವೆ, ಆದರೆ ಡಿಎನ್‌ಎ ಕೆಡುತ್ತದೆ. 95% ಎಥನಾಲ್‌ನಲ್ಲಿ ಡಿಎನ್‌ಎ ಉಳಿಯುತ್ತದೆ, ಕೀಲು ಸೆಟೆದುಕೊಳ್ಳುತ್ತದೆ. ಎಥನಾಲ್ ಆರಿಸಿಕೊಳ್ಳಿ. ಸೆಟೆದದ್ದನ್ನು ಬಿಸಿನೀರಿನಲ್ಲಿ ಸಡಿಲಿಸಬಹುದು, ಕೆಟ್ಟ ಡಿಎನ್‌ಎ ಮರಳಿ ಬಾರದು. ಪೇಡೆರಸ್ ಕುಲದ ಕೆಂಪು-ಕಪ್ಪು ದುಂಬಿಗಳನ್ನು ಮಾತ್ರ ಬರಿಗೈಯಲ್ಲಿ ಹಿಡಿಯಬೇಡಿ. ಜಜ್ಜಿದರೆ ಅವುಗಳ ದೇಹದ್ರವದಲ್ಲಿರುವ ಪೆಡೆರಿನ್ ಚರ್ಮಕ್ಕೆ ತಗುಲಿ ಬೊಬ್ಬೆ ಏಳುತ್ತದೆ.

ಲೇಬಲ್ಲಿನಲ್ಲಿ ದೇಶ, ಸ್ಥಳ, ಅಕ್ಷಾಂಶ-ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹಿಡಿದ ವಿಧಾನ, ಹಿಡಿದವರ ಹೆಸರು ಇರಲಿ. ಎತ್ತರವನ್ನು ಬಿಡಲೇಬೇಡಿ. ಹಾರಲಾರದ ಬೆಟ್ಟದ ಪ್ರಭೇದಗಳ ನೆಲೆ ಎಷ್ಟೋ ಸಲ ಒಂದು ಶಿಖರದ ಸುತ್ತಮುತ್ತಲಷ್ಟೇ ಇರುತ್ತದೆ.

ಹೊಸದೇ ಹೌದೇ?

ಮೊದಲು ಉಪಕುಟುಂಬ, ಬುಡಕಟ್ಟು, ಕುಲ ಗುರುತಿಸಿ. ಅಲಿಯೋಕ್ಯಾರಿನೇ ಉಪಕುಟುಂಬವಾದರೆ ಪಾದದ ಗಂಟುಗಳನ್ನು ಎಣಿಸದೆ ವಿಧಿಯಿಲ್ಲ: ಮುಂಗಾಲು, ನಡುಗಾಲು, ಹಿಂಗಾಲಿನಲ್ಲಿ ಕ್ರಮವಾಗಿ 4-4-5, 4-5-5, 5-5-5 ಹೀಗೆ. 2 ಮಿ.ಮೀ. ದುಂಬಿಯ ಪಾದವನ್ನು ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ತಪ್ಪುವುದೇ ಹೆಚ್ಚು. ಕಾಲನ್ನು ಗ್ಲಾಸ್ ಸ್ಲೈಡಿಗೆ ಏರಿಸಿ 200 ಪಟ್ಟು ಹಿಗ್ಗಿಸಿ ನೋಡಿ.

ಕುಲ ಗೊತ್ತಾದ ಮೇಲೆ ಆ ಪ್ರದೇಶದ, ನೆರೆಯ ಪ್ರದೇಶಗಳ ಎಲ್ಲ ಹೆಸರುಗಳ ಪಟ್ಟಿ ಮಾಡಿ. 2001ರಲ್ಲಿ ಬಂದ ಲೀ ಹರ್ಮನ್ ಅವರ ಏಳು ಭಾಗಗಳ ಕ್ಯಾಟಲಾಗ್ ಇಲ್ಲಿ ದೊಡ್ಡ ಆಸರೆ. ಆದರೆ ಅದು ಎರಡನೇ ಸಹಸ್ರಮಾನದ ಕೊನೆಗೆ ನಿಲ್ಲುತ್ತದೆ, ಮತ್ತು ಅಲಿಯೋಕ್ಯಾರಿನೇ, ಪೇಡೆರಿನೇ, ಸೆಲಾಫಿನೇಗಳು ಅದರಲ್ಲಿಲ್ಲ. ಆ ಗುಂಪುಗಳಲ್ಲಿ ಬಿಡಿ ಲೇಖನಗಳನ್ನೇ ಹುಡುಕಬೇಕು. ಸಮಾನನಾಮಗಳನ್ನೂ (ಒಂದೇ ಪ್ರಭೇದಕ್ಕೆ ಬಿದ್ದ ಬೇರೆ ಹೆಸರುಗಳು) ಬಿಡುವಂತಿಲ್ಲ, ನಿಮ್ಮ 'ಹೊಸ' ದುಂಬಿ ಅಲ್ಲೇ ಅಡಗಿರಬಹುದು.

ಹಳೆಯ ವಿವರಣೆಗಳಲ್ಲಿ ಎಷ್ಟೋ ಬಾರಿ ಬಣ್ಣ, ಹೊಳಪು, ಚುಕ್ಕೆಗುಳಿ ಬಿಟ್ಟರೆ ಬೇರೇನೂ ಇರುವುದಿಲ್ಲ, ಏಡಿಯಾಗಸ್ ಸುದ್ದಿಯೇ ಇರದು. ಅಂಥ ಹೆಸರುಗಳಿಗೆ ಟೈಪ್ ಮಾದರಿ (ಹೆಸರಿಗೆ ಆಧಾರವಾದ ಮೂಲ ದುಂಬಿ) ನೋಡದೆ ತೀರ್ಮಾನವಿಲ್ಲ. ರೋವ್ ದುಂಬಿಗಳಿಗೆ ಹೆಸರಿಟ್ಟ ಹಳಬರಲ್ಲಿ ಬರ್ನ್‌ಹೌವರ್ ಅವರ ಸಂಗ್ರಹ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿದೆ, ಮಾಲ್ಕಮ್ ಕ್ಯಾಮರಾನ್ ಅವರದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ, ಫೋವೆಲ್ ಅವರದು ಬ್ರಸೆಲ್ಸ್‌ನಲ್ಲಿ. ಉಷ್ಣವಲಯದ ಕೆಲಸ ಮಾಡುವವರು ಈ ಮೂರು ಬಾಗಿಲುಗಳನ್ನು ತಟ್ಟಲೇಬೇಕಾಗುತ್ತದೆ. ಬರೀ ಬೆನ್ನಿನ ಫೋಟೋ ಬಂದರೆ ಸಾಲದು, ಏಡಿಯಾಗಸ್‌ನ ಚಿತ್ರ ಕೇಳಿ.

ಹೊಸದೆಂದು ಮೋಸಗೊಳಿಸುವವು ಎರಡು. ಒಂದು, ಆಗತಾನೇ ಪೊರೆ ಕಳಚಿ ಬಂದ ಎಳೆಯ ದುಂಬಿ: ಬಣ್ಣ ಪೇಲವ, ಏಡಿಯಾಗಸ್ ಮೆತ್ತಗಿದ್ದು ಒಣಗಿದಾಗ ಸೊಟ್ಟ. ಇನ್ನೊಂದು, ರೆಕ್ಕೆಯ ದ್ವಿರೂಪ. ಒಂದೇ ಪ್ರಭೇದದಲ್ಲಿ ಹಾರಬಲ್ಲವೂ ಹಾರಲಾರದವೂ ಇರಬಹುದು, ಹಾರಲಾರದವುಗಳ ಎಲಿಟ್ರಾ ಇನ್ನೂ ಗಿಡ್ಡ. ಏಳನೇ ಟರ್ಗೈಟಿನ (ಹೊಟ್ಟೆಯ ಖಂಡದ ಬೆನ್ನುಫಲಕ) ಹಿಂದಿನ ಅಂಚನ್ನು ಓರೆ ಬೆಳಕಿನಲ್ಲಿ ನೋಡಿ: ಪೂರ್ಣ ರೆಕ್ಕೆಯಿದ್ದರೆ ಅಲ್ಲಿ ಬೆಳ್ಳನೆಯ ಸಣ್ಣ ಅಂಚುಗರಿ ಸಾಮಾನ್ಯವಾಗಿ ಇರುತ್ತದೆ, ರೆಕ್ಕೆ ಕುಗ್ಗಿದವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಎಲಿಟ್ರಾದ ಉದ್ದವೊಂದನ್ನೇ ನಂಬಿ ಹೆಸರಿಟ್ಟರೆ ಸಮಾನನಾಮಗಳ ಪಟ್ಟಿಗೆ ಇನ್ನೊಂದು ಸೇರುತ್ತದೆ.

ಏಡಿಯಾಗಸ್ ಹೊರತೆಗೆಯುವುದು

ಬೇಕಾದವು: ತೀರ ಚೂಪಾದ ಎರಡು ಚಿಮಟ, ತುದಿ ಬಗ್ಗಿಸಿದ ಮಿನ್ಯೂಟನ್ ಸೂಜಿ (ಕೀಟ ಚುಚ್ಚುವ ತೀರ ತೆಳ್ಳನೆಯ ಸೂಜಿ), 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್ (9 ಮಿ.ಲೀ. ನೀರಿಗೆ 1 ಗ್ರಾಂ), ಗ್ಲಿಸರಿನ್, ಗುಳಿಯಿರುವ ಸ್ಲೈಡ್.

ಒಣಗಿದ ದುಂಬಿಯನ್ನು ಬಿಸಿನೀರಿನಲ್ಲಿ ಹೊಟ್ಟೆ ಸರಾಗವಾಗಿ ಬಾಗುವವರೆಗೆ ನೆನೆಸಿ. ಎಂಟನೇ ಟರ್ಗೈಟ್ ಮತ್ತು ಸ್ಟರ್ನೈಟಿನ (ಖಂಡದ ಅಡಿಫಲಕ) ನಡುವೆ ಸೂಜಿಯ ಕೊಕ್ಕೆ ತೂರಿಸಿ, ಒಂಬತ್ತು-ಹತ್ತನೇ ಖಂಡಗಳ ಸಮೇತ ಏಡಿಯಾಗಸ್ಸನ್ನು ಮೆಲ್ಲಗೆ ಹೊರಗೆಳೆಯಿರಿ. ಬಾರದಿದ್ದರೆ ಜಗ್ಗಬೇಡಿ, ಹೊಟ್ಟೆಯ ತುದಿಯನ್ನೇ ಬಿಡಿಸಿಕೊಳ್ಳಿ. ಎಂಟನೇ ಸ್ಟರ್ನೈಟಿನ ಹಿಂದಿನ ಅಂಚಿನಲ್ಲಿರುವ ಕಚ್ಚು ಗಂಡಿನ ಮುಖ್ಯ ಲಕ್ಷಣ, ಜಗ್ಗಿದರೆ ಹರಿಯುವುದೂ ಅದೇ.

ಹೈಡ್ರಾಕ್ಸೈಡಿನಲ್ಲಿ ಬೆಚ್ಚಗಿಟ್ಟು ಕೆಲವು ನಿಮಿಷಕ್ಕೊಮ್ಮೆ ನೋಡುತ್ತಿರಿ. ಸ್ನಾಯು ಕರಗಿ ಏಡಿಯಾಗಸ್‌ನ ಒಳಚೀಲದ ಮುಳ್ಳು, ಪಟ್ಟಿಗಳು ತಿಳಿಜೇನಿನ ಬಣ್ಣದ ಗೋಡೆಯ ಮೂಲಕ ಕಂಡವೋ, ಅಲ್ಲಿಗೆ ನಿಲ್ಲಿಸಿ ನೀರಿನಲ್ಲಿ ಎರಡು ಸಲ ತೊಳೆಯಿರಿ. ಹೆಚ್ಚು ಬೆಂದರೆ ಪ್ಯಾರಾಮಿಯರ್ (ಏಡಿಯಾಗಸ್‌ನ ಪಕ್ಕದ ಹಾಲೆ) ಕಳಚುತ್ತದೆ, ರೋಮ ಉದುರುತ್ತದೆ, ಪೊರೆ ಗಾಜಿನಂತಾಗಿ ಅಂಚೇ ಕಾಣದು.

ನೋಡುವ ಕೋನದಲ್ಲಿ ಎಡವುವವರು ಬಹಳ. ಪಾರ್ಶ್ವನೋಟದಲ್ಲಿ ಅಂಗ ಹತ್ತು ಡಿಗ್ರಿ ಹೊರಳಿದರೂ ನೇರ ತುದಿ ಕೊಕ್ಕೆಯಂತೆ ಕಾಣಬಹುದು. ಗ್ಲಿಸರಿನ್‌ನಲ್ಲಿ ಅದು ಉರುಳುತ್ತಲೇ ಇರುತ್ತದೆ. ಚಿತ್ರ ತೆಗೆಯುವಾಗ ಗಟ್ಟಿ ಜೆಲ್ಲಿಗೆ ವರ್ಗಾಯಿಸಿ. ಕೈ ತೊಳೆಯುವ ಪಾರದರ್ಶಕ ಆಲ್ಕೋಹಾಲ್ ಜೆಲ್ ಕೂಡ ನಡೆಯುತ್ತದೆ, ಗುಳ್ಳೆಗಳಿರದಂತೆ ನೋಡಿಕೊಳ್ಳಿ. ಹೋಲಿಸುವ ಪ್ರಭೇದವನ್ನೂ ಅದೇ ಭಂಗಿಯಲ್ಲೇ ಇರಿಸಬೇಕು. ಒಂದರ ಒಳಚೀಲ ಹೊರಚಾಚಿದ್ದು ಇನ್ನೊಂದರದು ಒಳಗಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಫಿಲೋಂಥಸ್‌ನಂಥ ಕುಲಗಳಲ್ಲಿ ಪ್ಯಾರಾಮಿಯರ್‌ನ ಅಡಿಯಲ್ಲಿ ಸಾಲುಗಟ್ಟಿದ ಕಪ್ಪು ಗೂಟರೋಮಗಳಿರುತ್ತವೆ. ಅವುಗಳ ಜೋಡಣೆ ಪ್ರಭೇದ ಗುರುತಿಸಲು ನೆರವಾಗುತ್ತದೆ, ಸಂಖ್ಯೆ ಒಂದೇ ಪ್ರಭೇದದೊಳಗೂ ತುಸು ಏರುಪೇರಾಗುತ್ತದೆ. ಹಾಗಾಗಿ ಸಾಧ್ಯವಿದ್ದರೆ ಮೂರರಿಂದ ಐದು ಗಂಡುಗಳನ್ನಾದರೂ ಬಿಡಿಸಿ ನೋಡಿ.

ಕೆಲಸ ಮುಗಿದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೂರಿನ ಮೇಲೆ ಯೂಪಾರಲ್ ಅಥವಾ ಡಿಎಂಎಚ್‌ಎಫ್ ಎಂಬ ಪಾರದರ್ಶಕ ಅಂಟಿನ ಹನಿಯಲ್ಲಿ ಕೂರಿಸಿ, ಅದೇ ಪಿನ್ನಿಗೆ ದುಂಬಿಯ ಕೆಳಗೆ ಚುಚ್ಚಿ. ಡಿಎಂಎಚ್‌ಎಫ್ ನೀರಿನಲ್ಲಿ ಕರಗುವುದರಿಂದ ಮುಂದೆ ಬೇರೆಯವರು ಬಿಡಿಸಿ ನೋಡಲು ಸಲೀಸು.

ಅಳತೆ ಮತ್ತು ಬೆಳಕು

ಇಡೀ ದೇಹದ ಉದ್ದ ಕೊಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಎಥನಾಲ್‌ನಲ್ಲಿ ಹೊಟ್ಟೆಯ ಖಂಡಗಳು ಹಿಗ್ಗುತ್ತವೆ, ಒಣಗಿದಾಗ ಒಂದರೊಳಗೊಂದು ಸರಿಯುತ್ತವೆ. ತಲೆಯ ಮುಂದಿನ ಅಂಚಿನಿಂದ ಎಲಿಟ್ರಾದ ತುದಿಯವರೆಗಿನ ಮುಂಗಾಯದ ಉದ್ದವೇ ನಂಬಲರ್ಹ. ತಲೆ, ಪ್ರೋನೋಟಮ್ (ತಲೆಯ ಹಿಂದಿನ ಬೆನ್ನುಫಲಕ), ಎಲಿಟ್ರಾಗಳ ಉದ್ದ-ಅಗಲ ಬೇರೆ ಬೇರೆ ಅಳೆದು, ಎಲ್ಲಿಂದ ಎಲ್ಲಿಗೆ ಎಂದು ಬರೆಯಿರಿ. ಎಲಿಟ್ರಾವನ್ನು ಭುಜದಿಂದ ಅಳೆದದ್ದಕ್ಕೂ ನಡುಗೆರೆಯಲ್ಲಿ ಅಳೆದದ್ದಕ್ಕೂ ವ್ಯತ್ಯಾಸ ಬರುತ್ತದೆ.

ಮೈಮೇಲಿನ ಸೂಕ್ಷ್ಮ ಜಾಲರಿ ನೇರ ಬೆಳಕಿನ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ. ದುಂಬಿಯ ಸುತ್ತ ಟ್ರೇಸಿಂಗ್ ಪೇಪರಿನ ಸುರುಳಿ ನಿಲ್ಲಿಸಿ ಬೆಳಕನ್ನು ಚದುರಿಸಿದರೆ ಎದ್ದು ಕಾಣುತ್ತದೆ.

ಸಿಒಐ ಬಾರ್‌ಕೋಡ್, ಅಂದರೆ ಮೈಟೊಕಾಂಡ್ರಿಯದ ಒಂದು ಜೀನಿನಿಂದ ತೆಗೆದ 658 ಬೇಸ್ ಜೋಡಿಗಳ ಡಿಎನ್‌ಎ ತುಣುಕು, ಗಂಡಿಗೆ ಹೆಣ್ಣನ್ನು ಜೋಡಿಸಲು ಒಳ್ಳೆಯ ಸಾಧನ. ಒಂದು ನಡುಗಾಲು ಸಾಕು. ಇಷ್ಟು ಶೇಕಡಾ ದಾಟಿದರೆ ಹೊಸ ಪ್ರಭೇದ ಎಂಬ ಗೆರೆ ಮಾತ್ರ ಯಾವ ಕುಲದಲ್ಲೂ ಸಿದ್ಧವಾಗಿಲ್ಲ.

ಬರವಣಿಗೆ, ಹೆಸರು, ಟೈಪ್

ವಿವರಣೆ ಉದ್ದವಿದ್ದರೂ ಓದುಗರು ಮೊದಲು ನೋಡುವುದು ಭೇದಸೂಚಿಯನ್ನು, ಅಂದರೆ ಇತರ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳ ಸಾರಾಂಶವನ್ನು. 'ದೇಹ ಕಪ್ಪು, ಹೊಳಪು' ಎಂಬುದು ಭೇದಸೂಚಿಯಲ್ಲ. ಯಾವ ಹತ್ತಿರದ ಪ್ರಭೇದದಿಂದ, ಯಾವ ಭಾಗದಲ್ಲಿ, ಹೇಗೆ ಬೇರೆ ಎಂದು ಎರಡೂ ಕಡೆಯ ಸ್ಥಿತಿ ಹೇಳಿ: 'ಏಡಿಯಾಗಸ್‌ನ ಮಧ್ಯಹಾಲೆಯ ತುದಿ ಇದರಲ್ಲಿ ದುಂಡು, ಹತ್ತಿರದ ಪ್ರಭೇದದಲ್ಲಿ ಕವಲೊಡೆದಿದೆ'.

ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ 2000ದಿಂದ ಜಾರಿಯಲ್ಲಿದೆ. ಅದರಂತೆ ಹೊಸ ಹೆಸರೆಂದು ಸ್ಪಷ್ಟವಾಗಿ ಸಾರಬೇಕು, ಹೋಲೋಟೈಪ್ (ಹೆಸರನ್ನು ಹೊರುವ ಒಂದೇ ಒಂದು ಮಾದರಿ) ಗೊತ್ತುಮಾಡಬೇಕು, ಅದು ಯಾವ ಸಂಗ್ರಹದಲ್ಲಿ ಇರುತ್ತದೆಂದು ತಿಳಿಸಬೇಕು. ಪತ್ರಿಕೆ ಬರೀ ಆನ್‌ಲೈನ್ ಆಗಿದ್ದರೆ ಲೇಖನವನ್ನು ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಿ, ನೋಂದಣಿಯ ಪುರಾವೆ ಲೇಖನದೊಳಗೇ ಅಚ್ಚಾಗಬೇಕು. ಇದು ತಪ್ಪಿದರೆ ಹೆಸರು ಸಿಂಧುವಾಗದು.

ವಿಶೇಷಣವನ್ನು ಹೆಸರಾಗಿಸಿದರೆ ಕುಲದ ಲಿಂಗಕ್ಕೆ ಹೊಂದಬೇಕು: ಫಿಲೋಂಥಸ್ ಜೊತೆ 'ಮಾಂಟಾನಸ್' ಎಂಬ ರೂಪವಾದರೆ, ಅಥೆಟಾ ಜೊತೆ 'ಮಾಂಟಾನಾ'. ಸ್ಟೆನಸ್ ಕುಲದಲ್ಲೇ 3,000ಕ್ಕೂ ಹೆಚ್ಚು ಪ್ರಭೇದಗಳಿವೆ, ಸಲೀಸಾಗಿ ಹೊಳೆಯುವ ಹೆಸರು ಆಗಲೇ ಖರ್ಚಾಗಿರುವ ಸಂಭವ ಹೆಚ್ಚು. ಆ ಕುಲದಲ್ಲಿ ಹುಟ್ಟಿ ಆಮೇಲೆ ಬೇರೆ ಕುಲಕ್ಕೆ ಹೋದ ಹೆಸರುಗಳನ್ನೂ ಪರಿಶೀಲಿಸಿ, ಅವೂ ಅಡ್ಡ ಬರುತ್ತವೆ.

ಹೋಲೋಟೈಪ್ ಗಂಡಾಗಿರಲಿ, ಕೆಂಪು ಲೇಬಲ್ ಹಾಕಿ. ಗಂಡಿನ ಲಕ್ಷಣದಿಂದಷ್ಟೇ ಬೇರ್ಪಡುವ ಪ್ರಭೇದವಾದರೆ, ಜೊತೆಗೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಹೆಣ್ಣನ್ನು ಪ್ಯಾರಾಟೈಪ್‌ಗಳಿಗೆ (ಹೋಲೋಟೈಪ್ ಜೊತೆಗಿಡುವ ಉಳಿದ ಮಾದರಿಗಳು) ಸೇರಿಸಬೇಡಿ. ಒಂದೇ ತರಗೆಲೆ ರಾಶಿಯಲ್ಲಿ ಎರಡು ಸೋದರ ಪ್ರಭೇದಗಳು ಇರುವುದುಂಟು. ಪ್ಯಾರಾಟೈಪ್‌ಗಳನ್ನು ಎರಡು-ಮೂರು ಸಂಗ್ರಹಾಲಯಗಳಿಗೆ ಹಂಚಿ, ಸಂಗ್ರಹ ಮಾಡಿದ ದೇಶದಲ್ಲೂ ಕೆಲವು ಉಳಿಯಲಿ. ಹೋಲೋಟೈಪ್‌ನ ಲೇಬಲ್ಲುಗಳಲ್ಲಿ ಇರುವುದನ್ನು ಅಕ್ಷರಶಃ, ಸಾಲು ಎಲ್ಲಿ ಮುರಿಯುತ್ತದೆಂಬ ಗುರುತಿನ ಸಮೇತ, ಲೇಖನದಲ್ಲಿ ನಕಲಿಸಿ. ಲೇಬಲ್ಲಿನಲ್ಲಿ ಕಾಗುಣಿತ ತಪ್ಪಿದ್ದರೆ ಅದನ್ನೂ ಹಾಗೇ ಇಡಿ, ತಿದ್ದುಪಡಿಯನ್ನು ಪಕ್ಕದಲ್ಲಿ ಬರೆಯಿರಿ.