ಕೈ ಆಡುತ್ತಿತ್ತು, ಚಿತ್ರ ಮಾತ್ರ ಖಾಲಿ

ಲಕ್ವ ಹೊಡೆದವರಿಗೆ ಫಂಕ್ಷನಲ್ ಎಂಆರ್‌ಐ ಮಾಡಿ, ಬಂದ ಡೇಟಾ ಬಿಡಿಸಿ ನೋಡುವುದು ನನ್ನ ಕೆಲಸ. ರೋಗಿ ಒಳಗೆ ಮಲಗಿ ಕೈ ಆಡಿಸುತ್ತಾರೆ, ಆಗ ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೆ ಅಂತ ನಾವು ನೋಡುತ್ತೇವೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ದಡ್ಡತನ ಮಾಡಿದ್ದೆ. ಅದರ ಕಥೆ ಇದು.

ಬಂದವರು ಒಬ್ಬ ಟೈಲರ್. ಸ್ಟ್ರೋಕ್ ಆಗಿ ಮೂರು ವಾರ ಆಗಿತ್ತು. ಬಲಗೈಯಲ್ಲಿ ಶಕ್ತಿ ಕಮ್ಮಿ. ಕತ್ತಿನ ಎಡಗಡೆ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ ತುಂಬಾ ಕಿರಿದಾಗಿತ್ತು. ಕೈಗೆ ಸ್ಪಂಜಿನ ಚೆಂಡು ಕೊಟ್ಟೆವು. ಪರದೆ ಮೇಲೆ 'ಹಿಸುಕಿ' ಅಂತ ಬಂದರೆ 15 ಸೆಕೆಂಡ್ ಹಿಸುಕಬೇಕು, 'ಬಿಡಿ' ಅಂತ ಬಂದರೆ 15 ಸೆಕೆಂಡ್ ಸುಮ್ನೆ ಇರಬೇಕು. ಹೀಗೆ ಎಂಟು ಸಲ. ಇಂಥವರ ವಿಷಯದಲ್ಲಿ ನಾನು ಕನ್ಸೋಲ್ ಹತ್ತಿರ ಕೂರುವುದಿಲ್ಲ, ಕಿವಿಗೆ ಪ್ಲಗ್ ಹಾಕಿಕೊಂಡು ಅವರ ಪಕ್ಕದಲ್ಲೇ ನಿಂತು ಕೈ ನೋಡುತ್ತೇನೆ. ಎಂಟೂ ಸಲ ಚೆಂಡು ಅಮುಕಿತ್ತು, ಕಣ್ಣಾರೆ ನೋಡಿದ್ದೆ.

ಮೆದುಳು ಕೆಲಸ ಮಾಡಿದ ಕಡೆ ಬಣ್ಣ ಹಚ್ಚಿ ತೋರಿಸುವ ಚಿತ್ರದಲ್ಲಿ ಮಾತ್ರ ಎಡಗಡೆ ಏನೂ ಇಲ್ಲ. ಬಲಗೈ ಆಡಿಸುವುದು ಎಡ ಮೆದುಳು, ಅಲ್ವಾ? ಅಲ್ಲಿ ಒಂದು ಚುಕ್ಕೆ ಬಣ್ಣವೂ ಇಲ್ಲ. ಬಲಗಡೆ ಸ್ವಲ್ಪ ಇತ್ತು. ಎಡಭಾಗದ ಕೆಲಸವನ್ನು ಬಲಭಾಗ ವಹಿಸಿಕೊಂಡಿದೆ ಅಂತ ನಾನು ಆಗಲೇ ಬರೆದೂ ಆಗಿತ್ತು. ಚೆಂದದ ಕಥೆ, ಎಷ್ಟೋ ಕಡೆ ಓದಿದ್ದೆ ಬೇರೆ. ನಮ್ಮ ಸೀನಿಯರ್ ಮೇಡಂ ಕೇಳಿದ್ದು ಒಂದೇ ಮಾತು: "ಬಣ್ಣ ಬಿಡು, ಗೆರೆ ನೋಡಿದ್ಯಾ?"

ನೋಡಿರಲಿಲ್ಲ. ಗೆರೆ ಅಂದರೆ ಹೊತ್ತು ಸರಿದಂತೆ ಸಿಗ್ನಲ್ ಹೇಗೆ ಏರಿ ಇಳಿಯುತ್ತದೆ ಅಂತ ತೋರಿಸುವ ಗ್ರಾಫ್.

ಎಂಆರ್‌ಐಗೆ ನರಕೋಶದ ಕೆಲಸ ನೇರವಾಗಿ ಕಾಣುವುದಿಲ್ಲ, ಅದಕ್ಕೆ ಕಾಣುವುದು ರಕ್ತ. ನರಕೋಶ ಚುರುಕಾದರೆ ಹತ್ತಿರದ ಸಣ್ಣ ರಕ್ತನಾಳಗಳು ಅಗಲವಾಗಿ ಬೇಕಾದ್ದಕ್ಕಿಂತ ಜಾಸ್ತಿ ಹೊಸ ರಕ್ತ ನುಗ್ಗುತ್ತದೆ, ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಅಲ್ಲಿ ಕಮ್ಮಿಯಾಗುತ್ತದೆ, ಸಿಗ್ನಲ್ ಒಂದಿಷ್ಟು ಏರುತ್ತದೆ. ಜಪಾನಿನ ವಿಜ್ಞಾನಿ ಸೈಜಿ ಒಗಾವಾ 1990ರಲ್ಲಿ ಇಲಿಗಳಲ್ಲಿ ತೋರಿಸಿದ ಈ ಸಂಗತಿಯ ಮೇಲೇ ನಮ್ಮ ಇಡೀ ಕಸುಬು ನಿಂತಿದೆ. ಆರೋಗ್ಯವಂತರಲ್ಲಿ ಈ ಏರು ತುದಿ ಮುಟ್ಟಲು 5-6 ಸೆಕೆಂಡ್ ಬೇಕು. ಸಾಫ್ಟ್‌ವೇರ್ ಎಲ್ಲರಿಗೂ ಅಷ್ಟೇ ಅಂತ ಹಿಡಿದು ಲೆಕ್ಕ ಹಾಕುತ್ತದೆ.

ಟೈಲರ್ ಅವರ ಎಡ ಮೆದುಳಿನ ಗೆರೆ ತೆಗೆದು ನೋಡಿದರೆ, ಎಂಟು ಅಲೆಗಳು! ಚಿಕ್ಕವು, ಆದರೆ ಎಂಟೂ ಇವೆ. ಬಲಗಡೆಗಿಂತ ಏಳು ಸೆಕೆಂಡ್ ತಡವಾಗಿ ಬರುತ್ತಿದ್ದವು, ಅಷ್ಟೇ. ನಮ್ಮ ಸುತ್ತು 30 ಸೆಕೆಂಡಿನದು, ಏಳು ಅಂದರೆ ಹೆಚ್ಚುಕಮ್ಮಿ ಅದರ ಕಾಲು ಭಾಗ. ಅಲೆಯ ಅರ್ಧ 'ಹಿಸುಕಿ' ಲೆಕ್ಕಕ್ಕೆ, ಇನ್ನರ್ಧ 'ಬಿಡಿ' ಲೆಕ್ಕಕ್ಕೆ ಬಿತ್ತು. ಒಂದರಲ್ಲಿ ಒಂದು ಕಳೆದರೆ ಸೊನ್ನೆ.

ತಡ ನರಕೋಶದ್ದೋ, ರಕ್ತನಾಳದ್ದೋ? ಮೇಲೆ ದೊಡ್ಡ ನಾಳ ಕಿರಿದಾದರೆ ಕೆಳಗಿನ ಸಣ್ಣವು ರಕ್ತ ಕಮ್ಮಿಯಾಗದಿರಲಿ ಅಂತ ಮೊದಲೇ ಅಗಲವಾಗಿ ಕೂತಿರುತ್ತವೆ. ನಲ್ಲಿ ಆಗಲೇ ಪೂರ್ತಿ ತಿರುಗಿಸಿಟ್ಟಿದ್ದಾರೆ, ಇನ್ನೆಷ್ಟು ತಿರುಗಿಸೋದು? ಇದನ್ನು ಪರೀಕ್ಷಿಸಲು ನಾವು ಉಸಿರು ಕಟ್ಟಿಸುತ್ತೇವೆ. ಉಸಿರು ಬಿಟ್ಟು 15 ಸೆಕೆಂಡ್ ತಡೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮೆದುಳಿನ ನಾಳಗಳೆಲ್ಲ ಹಿಗ್ಗುತ್ತವೆ, ಕೈ ಆಡಿಸುವ ಮಾತೇ ಇಲ್ಲ. ಡಾಕ್ಟರ್ ಒಪ್ಪಿದ ಮೇಲೆ, ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಂದರಿಂದ ಹದಿನೈದರವರೆಗೆ ಒಟ್ಟಿಗೆ ಎಣಿಸಿ ಅಭ್ಯಾಸ ಮಾಡಿಸಿದೆ. ಮೂರನೇ ಸಲಕ್ಕೆ ಅವರು ನನಗಿಂತ ಚೆನ್ನಾಗಿ ತಡೆದರು.

ಎಡಗಡೆ ಇಲ್ಲೂ ಸುಮಾರು ಏಳು ಸೆಕೆಂಡ್ ತಡ. ಅಂದರೆ ತಡ ರಕ್ತನಾಳದ್ದು. ಈ ತಡವನ್ನು ಮಾಡೆಲ್‌ಗೆ, ಅಂದರೆ ಸಾಫ್ಟ್‌ವೇರ್ ಹಿಡಿಯುವ ಆ ಲೆಕ್ಕಕ್ಕೆ, ಸೇರಿಸಿ ಮತ್ತೆ ಓಡಿಸಿದಾಗ ಎಡ ಮೆದುಳಿನಲ್ಲಿ ಕೈಗೆ ಮೀಸಲಾದ ಆ ಗುಬುಟು ಇದೆಯಲ್ಲ, ಸರಿಯಾಗಿ ಅಲ್ಲೇ ಬಣ್ಣ ಬಂತು. ಬರೆದಿಟ್ಟಿದ್ದನ್ನು ಹರಿದುಹಾಕಿದೆ.

ಇನ್ನೊಬ್ಬರಲ್ಲಿ ಉಸಿರು ಕಟ್ಟಿದಾಗ ಸಿಗ್ನಲ್ ಏರುವ ಬದಲು ಇಳಿದಿತ್ತು. ಕೋಡ್‌ನಲ್ಲಿ ಎಲ್ಲೋ ಮೈನಸ್ ತಪ್ಪಿದೆ ಅಂತ ಎರಡು ದಿನ ಹುಡುಕಿದೆ. ತಪ್ಪೇನೂ ಇರಲಿಲ್ಲ. ಹಿಗ್ಗಲು ಜಾಗ ಇರುವ ಕಡೆಯ ನಾಳಗಳು ಹಿಗ್ಗಿ, ಜಾಗ ಇಲ್ಲದ ಕಡೆಯ ರಕ್ತವನ್ನೂ ಎಳೆದುಕೊಳ್ಳುತ್ತವೆ. ಇದಕ್ಕೆ ನಮ್ಮಲ್ಲಿ 'ಸ್ಟೀಲ್' ಅನ್ನುತ್ತಾರೆ, ಕಳ್ಳತನ ಅಂತಲೇ ಅರ್ಥ.

ರಕ್ತದ ಹರಿವು ಅಳೆಯುವ ಎಎಸ್‌ಎಲ್ ಅನ್ನುವ ಸ್ಕ್ಯಾನ್‌ನಲ್ಲೂ ಇದೇ ಪೇಚು. ಕತ್ತಿನಲ್ಲಿ ರಕ್ತಕ್ಕೆ ಗುರುತು ಹಾಕಿ, ಎರಡು ಸೆಕೆಂಡ್ ಕಾದು, ಮೆದುಳಿನ ಚಿತ್ರ ತೆಗೆಯುತ್ತೇವೆ. ಬಹಳ ಹೊತ್ತು ಕಾಯುವ ಹಾಗಿಲ್ಲ, ಗುರುತು ಬೇಗ ಮಾಸುತ್ತದೆ. ಟೈಲರ್ ಅವರ ಎಡಗಡೆ 100 ಗ್ರಾಂಗೆ ನಿಮಿಷಕ್ಕೆ 15 ಮಿಲಿಲೀಟರ್ ಅಂತ ಬಂತು. ಸಾಮಾನ್ಯವಾಗಿ ಸುಮಾರು 50 ಇರಬೇಕು, 20ರ ಕೆಳಗೆ ಇಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. 15 ನಿಜವಾಗಿದ್ದರೆ ಆ ಕೈ ಚೆಂಡು ಹಿಸುಕುತ್ತಲೇ ಇರಲಿಲ್ಲ. ಗುರುತು ಹಾಕಿದ ರಕ್ತ ಇನ್ನೂ ದಾರಿಯಲ್ಲೇ ಇತ್ತು, ದೊಡ್ಡ ನಾಳಗಳಲ್ಲಿ ಬೆಳ್ಳಗೆ ಹೊಳೆಯುತ್ತಾ. ಈಗ ಒಂದೇ ಸಲ ಕಾಯುವ ಬದಲು ಬೇರೆ ಬೇರೆ ಹೊತ್ತು ಕಾದು ಹಲವು ಚಿತ್ರ ತೆಗೆಯುತ್ತೇವೆ.

ಮಾತು ಅರ್ಥವಾಗದವರಿಗೆ ಉಸಿರು ಕಟ್ಟಿ ಅನ್ನುವುದಾದರೂ ಹೇಗೆ? ಅವರನ್ನು ಸುಮ್ನೆ ಮಲಗಿಸಿ, ಸಿಗ್ನಲ್‌ನ ನಿಧಾನದ ಏರಿಳಿತ ಯಾವ ಭಾಗಕ್ಕೆ ಎಷ್ಟು ತಡವಾಗಿ ಮುಟ್ಟುತ್ತದೆ ಅಂತ ನೋಡುತ್ತೇನೆ. ತಲೆ ಅಲ್ಲಾಡಿಸಿದರೆ ಅದೂ ಹೋಯಿತು.

ಮೂರು ತಿಂಗಳ ಮೇಲೆ ಟೈಲರ್ ಮತ್ತೆ ಬಂದರು. ಅಷ್ಟರಲ್ಲಿ ಕತ್ತಿನ ನಾಳಕ್ಕೆ ಸ್ಟೆಂಟ್ ಹಾಕಿದ್ದರು, ತಡ ಎರಡು ಸೆಕೆಂಡಿಗೆ ಇಳಿದಿತ್ತು. ಹಳೇ ಮಾಡೆಲ್ ಹಾಕಿದರೂ ಎಡಗಡೆ ಜಗಜಗ ಬಣ್ಣ. ಮೊದಲ ಗೆರೆ ನೋಡದೇ ಇದ್ದಿದ್ದರೆ, ಮೆದುಳು ಎಷ್ಟು ಚೆನ್ನಾಗಿ ಚೇತರಿಸಿಕೊಂಡಿದೆ ನೋಡಿ ಅಂತ ಬರೆದುಬಿಡುತ್ತಿದ್ದೆ. ಕೈ ಹೇಗಿದೆ ಅಂತ ಅವರನ್ನೇ ಕೇಳಿದೆ. "ಗುಂಡಿ ಹಾಕ್ಕೊಳ್ಳೋಕೆ ಆಗುತ್ತೆ ಸಾರ್, ಕಾಜಾ ಹೊಲಿಯೋಕೆ ಇನ್ನೂ ಆಗಲ್ಲ" ಅಂದರು.